ಹಿಮ್ಮಡಿಯಿಂದ ಹೆಬ್ಬೆರಳಿಗೆ

“ಏಳು ಪಾಯಿಂಟ್ ಎಂಟು. ದಿನ ತುಂಬಿದ ಮಗು. ಮಧ್ಯಾಹ್ನ ಮನೆಗೆ ಕರ್ಕೊಂಡು ಹೋಗಬಹುದು,” ಎಂದು ನರ್ಸಮ್ಮ ಮಗುವಿನ ಪಾದದಿಂದ ಬಟ್ಟೆಯ ಟೇಪು ಬಿಡಿಸಿ ಕೊರಳಿಗೆ ಹಾಕಿಕೊಂಡಳು. ಮಂಚದ ಮೇಲಿದ್ದ ಬಾಣಂತಿ ನಿನ್ನೆಯಿಂದ ಮೊದಲ ಸಲ ನಕ್ಕಳು. ಬಾಣಂತಿಯ ಅಪ್ಪ ಮಾತ್ರ ನಗಲಿಲ್ಲ.

“ತಪ್ಪು ತಿಳೀಬೇಡಿ ತಾಯಿ. ಆ ಅಳತೆ ಸರಿಯಿಲ್ಲ,” ಎಂದ.

ನರ್ಸಮ್ಮನಿಗೆ ಕೋಪ ಮೂಗಿನ ತುದಿಯಲ್ಲೇ. ಆರು ಮಂಚದ ಈ ಪುಟ್ಟ ಆಸ್ಪತ್ರೆಯಲ್ಲಿ ಇಪ್ಪತ್ತೆರಡು ವರ್ಷ ಹೆರಿಗೆ ಮಾಡಿಸಿದವಳಿಗೆ ಈಗ ಇವನೊಬ್ಬನ ಪಾಠ ಬಾಕಿಯಿತ್ತು. ಬಾಣಂತಿಗೆ ಮುಟ್ಟು ನಿಂತ ತಾರೀಕು ನೆನಪಿಲ್ಲ. ಒಮ್ಮೆ ಎಂಟು ತಿಂಗಳು ಅನ್ನುತ್ತಾಳೆ, ಒಮ್ಮೆ ಒಂಬತ್ತು. ಸ್ಕ್ಯಾನಿಂಗ್ ಮಾಡಿಸಿದವರೂ ಅಲ್ಲ. ಮಗುವಿನ ತೂಕ ಎರಡು ಕಿಲೋ ಇನ್ನೂರು, ಅದೋ ಎರಡು ಕಡೆಗೂ ಸಾಕ್ಷಿ ಹೇಳುವ ತೂಕ. ಇಂಥ ಮಕ್ಕಳಿಗೆಂದೇ ಗೋಡೆಯ ಮೇಲೆ ಒಂದು ಸೂಚನೆ ಅಂಟಿಸಿದ್ದರು: ಪಾದದ ಉದ್ದ ಏಳೂವರೆ ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ದಿನ ತುಂಬಿಲ್ಲವೆಂದು ತಿಳಿದು ದೊಡ್ಡಾಸ್ಪತ್ರೆಯ ಬೆಚ್ಚಗಿನ ವಾರ್ಡಿಗೆ ಕಳಿಸಿ. ದಿನ ತುಂಬದ ಕೂಸು ಮನೆಗೆ ಹೋದರೆ ಮೈ ತಣ್ಣಗಾಗಿ, ಹಾಲು ಚೀಪುವ ಶಕ್ತಿಯೂ ಇಲ್ಲದೆ ಹೇಗೆ ಬಾಡುತ್ತದೆ ಎಂಬುದನ್ನು ಅವಳು ಕಣ್ಣಾರೆ ಕಂಡಿದ್ದಳು. ಪಾದ ಅಳೆಯುವ ಪ್ಲಾಸ್ಟಿಕ್ ಪಟ್ಟಿ ಸೋಮವಾರ ಯಾರದೋ ಕಾಲಡಿ ಸಿಕ್ಕಿ ಮುರಿದಿತ್ತು. ಹೊಸದು ಬರುವ ತನಕ ತಲೆಯ ಸುತ್ತಳತೆಗೆಂದಿದ್ದ ಟೇಪಿನಲ್ಲೇ ಕೆಲಸ ಸಾಗಿಸುತ್ತಿದ್ದಳು.

“ನೀವು ಎಷ್ಟು ಹೆರಿಗೆ ಮಾಡಿಸಿದ್ದೀರಿ ಯಜಮಾನ್ರೇ?”

“ಒಂದೂ ಇಲ್ಲ ತಾಯಿ. ನಾನು ಬೂಟು ಹೊಲಿಯೋನು. ನಲವತ್ತು ವರ್ಷದಲ್ಲಿ ಜನರ ಮುಖಕ್ಕಿಂತ ಪಾದ ನೋಡಿದ್ದೇ ಹೆಚ್ಚು. ಟೇಪು ಇರೋದು ಪಾದದ ಸುತ್ತಳತೆಗೆ. ಉದ್ದಕ್ಕೆ ಹಿಡಿದ್ರೆ ಹಿಮ್ಮಡಿ ಬಳಸಿ, ಅಂಗಾಲಿನ ಉಬ್ಬುತಗ್ಗನ್ನೆಲ್ಲ ಹತ್ತಿ ಇಳಿದು, ಇಲ್ಲದ ಉದ್ದ ತೋರಿಸುತ್ತೆ. ಹೊಸದಾಗಿ ಕೆಲಸ ಕಲಿಯೋರೆಲ್ಲ ಮಾಡೋ ತಪ್ಪು ಅದು.”

“ಅಪ್ಪಾ, ಸುಮ್ನಿರಪ್ಪ!” ಮಗಳು ಸಿಡುಕಿದಳು. “ಅವರೇ ಹೋಗಿ ಅಂತಿದ್ದಾರೆ, ನೀನ್ಯಾಕೆ ಅಡ್ಡಗಾಲು ಹಾಕ್ತೀಯ?”

“ಒಂದೇ ಒಂದು ಸಲ ನೇರ ಪಟ್ಟಿ ಇಟ್ಟು ನೋಡಿ ತಾಯಿ. ಅಷ್ಟೇ ಬಂದ್ರೆ ನಿಮ್ಮ ಕಾಲಿಗೆ ಬಿದ್ದು ಹೋಗ್ತೀನಿ.”

“ನೀವು ಕಾಲಿಗೆ ಬಿದ್ರೂ ಅಳತೆ ತಗೊಂಡೇ ಏಳೋ ಆಸಾಮಿ,” ಎಂದಳು ನರ್ಸಮ್ಮ. ನಗು ಬರುವಂತಿತ್ತು, ಬರಗೊಡಲಿಲ್ಲ. ಮುದುಕ ಅಂಗಡಿಯಿಂದ ನೆಟ್ಟಗೆ ಬಂದಿದ್ದ. ಜೇಬಿನಿಂದ ಗೇಣುದ್ದದ ಮರದ ಪಟ್ಟಿ ತೆಗೆದ. ಒಂದು ತುದಿಯಲ್ಲಿ ಹಿಮ್ಮಡಿ ಆನಿಸಲು ಅಡ್ಡ ಹಲಗೆ, ಮೇಲೆ ಹಿಂದೆ ಮುಂದೆ ಸರಿಯುವ ತುಂಡು, ಅಂಚಿನಲ್ಲಿ ಸೆಂಟಿಮೀಟರಿನ ಗೆರೆಗಳು. ಅವಳು ಅದನ್ನು ಸ್ಪಿರಿಟ್ಟಿನಲ್ಲಿ ಎರಡು ಸಲ ಒರೆಸಿದಳು. ಮಗುವನ್ನು ಮುಟ್ಟಲು ಅವನನ್ನು ಬಿಡಲಿಲ್ಲ.

“ಹಿಮ್ಮಡಿ ಪೂರ್ತಿ ಆನಲಿ. ಬೆರಳು ಮುದುರಿಕೊಂಡಿದ್ದಾನೆ, ಅಂಗಾಲಿನ ಹೊರ ಅಂಚನ್ನ ಮೆಲ್ಲಗೆ ಸವರಿ... ಹಾಂ, ಬಿಟ್ಟ. ಈಗ ತುಂಡು ಸರಿಸಿ,” ಎಂದು ಮುದುಕ ಕೈ ಹಿಂದೆ ಕಟ್ಟಿಕೊಂಡೇ ಹೇಳಿಕೊಟ್ಟ.

ಏಳು ಪಾಯಿಂಟ್ ಎರಡು. ನರ್ಸಮ್ಮ ಇನ್ನೊಂದು ಪಾದ ಹಿಡಿದಳು, ಅದೂ ಅಷ್ಟೇ. ಮೂರನೇ ಸಲ ಕನ್ನಡಕ ಏರಿಸಿಕೊಂಡು ನೋಡಿದಳು. ಪಟ್ಟಿ ಮಾತು ಬದಲಿಸಲಿಲ್ಲ. ಅವಳು ಮಗುವಿನ ಬಟ್ಟೆ ಬಿಚ್ಚಿ ತಾಯಿಯ ಬರಿ ಎದೆಗೆ ಅವುಚಿದಳು, ಮೇಲೆ ಎರಡು ಹೊದಿಕೆ ಹೊದಿಸಿದಳು, ಆಂಬುಲೆನ್ಸಿಗೆ ಫೋನ್ ಮಾಡಿದಳು.

“ಅಂದ್ರೆ ನನ್ನ ಮಗು...” ಬಾಣಂತಿ ಮಗುವನ್ನು ಇನ್ನಷ್ಟು ಅವುಚಿಕೊಂಡಳು.

“ದಿನ ತುಂಬೋ ಮೊದಲೇ ಅವಸರ ಮಾಡಿ ಬಂದಿದ್ದಾನೆ ಕಣಮ್ಮ. ಹೆದರಬೇಡ, ಹೊತ್ತಿಗೆ ಸರಿಯಾಗಿ ಗೊತ್ತಾಯ್ತು. ದೊಡ್ಡಾಸ್ಪತ್ರೇಲಿ ನೋಡ್ಕೋತಾರೆ. ಅಲ್ಲೀವರೆಗೂ ಇವನನ್ನ ಎದೆಯಿಂದ ಇಳಿಸಬೇಡ, ಯಾರು ಕೇಳಿದ್ರೂ ಕೊಡಬೇಡ.”

ಕಾಲು ಗಂಟೆಯಲ್ಲಿ ಗಾಡಿ ಬಂತು. ತಾಯಿ ಮಗು ಇಬ್ಬರನ್ನೂ ಹತ್ತಿಸಿ, ಅಳತೆ ಬರೆದ ಚೀಟಿಯನ್ನು ಡ್ರೈವರನ ಕೈಯಲ್ಲಿಟ್ಟಳು. ಮುದುಕ ಪಟ್ಟಿ ಜೇಬಿಗಿಟ್ಟು, ಗಾಡಿ ಹತ್ತುವ ಮೊದಲು ಹತ್ತಿರ ಬಂದು ಮೆಲ್ಲಗೆ ಹೇಳಿದ: “ಮನಸ್ಸಿಗೆ ಹಚ್ಕೋಬೇಡಿ ತಾಯಿ. ಎಡವದ ಕಾಲು ಯಾವುದಿದೆ? ತಪ್ಪು ಆಗೋದ್ರೊಳಗೆ ಸರಿಮಾಡಿದ್ರಲ್ಲ.”

ನರ್ಸಮ್ಮ ಒಳಗೆ ಬಂದು ಮೇಜಿನ ಮೇಲಿದ್ದ ರಿಜಿಸ್ಟರು ತೆಗೆದು ಸೋಮವಾರದ ಪುಟದಿಂದ ಓದತೊಡಗಿದಳು. ಏಳು ಪಾಯಿಂಟ್ ಏಳು. ಏಳು ಪಾಯಿಂಟ್ ಎಂಟು. ಮತ್ತೆ ಏಳು ಪಾಯಿಂಟ್ ಏಳು. ಟೇಪಿನಲ್ಲಿ ಅಳೆದ ಮೂರು ಮಕ್ಕಳ ಮುಂದೆಯೂ ಅವಳದೇ ದುಂಡನೆಯ ಅಕ್ಷರ: ದಿನ ತುಂಬಿದೆ, ಮನೆಗೆ. ಸಂಜೆ ಪಾಳಿಯ ನರ್ಸಿಗೆ ಫೋನ್ ಹಚ್ಚಿ, “ಊಟ ಅರ್ಧಕ್ಕೆ ಬಿಟ್ಟಾದ್ರೂ ಸರಿ, ಈಗಲೇ ಬಾ,” ಎಂದಳು. ಮೂರು ವಿಳಾಸಗಳನ್ನೂ ಅಂಗೈ ಮೇಲೆ ಬರೆದುಕೊಂಡಳು.

ಹೊರಗೆ ಗಾಡಿ ಹೊರಟೇಬಿಟ್ಟಿತ್ತು. ಅವಳು ಓಡಿಹೋಗಿ ಬಾಗಿಲು ಬಡಿದು ನಿಲ್ಲಿಸಿದಳು.

“ಯಜಮಾನ್ರೇ, ಆ ಪಟ್ಟಿ ಕೊಡಿ. ಮೊದಲನೇ ಮಗುವಿಗೆ ಇವತ್ತು ಐದನೇ ದಿನ.”