ಮುಖ ಕಾಣುವಷ್ಟು ಬೆಳಕು

ಈ ಪ್ರಿಂಟೂ ಕಪ್ಪಾಗಿಯೇ ಬಂತು. ಕಂಪ್ಯೂಟರಿನಲ್ಲಿ ತಿಳಿಯಾಗಿ ನಗುತ್ತಿದ್ದ ಅವ್ವ ಕಾಗದದ ಮೇಲೆ ಬರೀ ನೆರಳು. ಮರೆವಿನ ಕಾಯಿಲೆಯ ಅವ್ವ ಮುನಿರತ್ನಮ್ಮ ನಿನ್ನೆ ಹೊಸೂರು ಬಸ್ ಸ್ಟ್ಯಾಂಡಿನಲ್ಲಿ ತಪ್ಪಿಸಿಕೊಂಡಿದ್ದಳು.

"ಇಂಥದ್ನ ತೋರ್ಸುದ್ರೆ ಯಾರೂ ಗುರ್ತು ಹಿಡೀತಿಲ್ಲ ಕಣಕ್ಕ," ಎಂದ ತಮ್ಮ ಮುನೀಶ.

ಗಂಗಾದೇವಿ ಪ್ರಿಂಟನ್ನು ಪರದೆಯ ಪಕ್ಕಕ್ಕೆ ಹಿಡಿದು, ಎರಡೂ ಒಂದೇ ಸಮನಾಗುವವರೆಗೆ ಪರದೆಯ ಬೆಳಕು ತಗ್ಗಿಸಿದಳು. ಅವ್ವನ ಮುಖ ಕಣ್ಣೆದುರೇ ಕತ್ತಲಲ್ಲಿ ಮುಳುಗಿತು; ಇಷ್ಟು ಹೊತ್ತು ಪರದೆಯ ಹೊಳಪೇ ಮೋಸ ಮಾಡಿತ್ತು. ಅಳುತ್ತಲೇ, ಆ ಮಂಕು ಪರದೆಯಲ್ಲಿ ಅವ್ವನ ಕಣ್ಣು, ಗದ್ದದ ಹಚ್ಚೆ ಮತ್ತೆ ಕಾಣುವವರೆಗೆ ಫೋಟೊವನ್ನು ತಿಳಿಯಾಗಿಸಿ ಪ್ರಿಂಟ್ ತೆಗೆದಳು.

ಇಬ್ಬರೂ ಬಸ್ ಸ್ಟ್ಯಾಂಡಿಗೆ ಓಡಿದರು. ಬೆಳಗ್ಗೆ ಕಪ್ಪು ಪ್ರಿಂಟ್ ನೋಡಿ ಗೊತ್ತಿಲ್ಲವೆಂದಿದ್ದ ಹೂ ಮಾರುವ ಸೆಲ್ವಿ, ಈ ಸಲ ಹಚ್ಚೆಯ ಮೇಲೆ ಬೆರಳಿಟ್ಟಳು.

"ಇವ್ರಾ? ನಿನ್ನೆ ಅಂಚೆಟ್ಟಿ ಬಸ್ ಹತ್ತುದ್ರಲ್ಲಮ್ಮ. 'ನಮ್ಮವ್ವ ಕಾಯ್ತಾವ್ಳೆ, ಮನೆಗೋಯ್ತೀನಿ' ಅಂತಿದ್ರು."

ಅಂಚೆಟ್ಟಿ ಅವ್ವನ ತವರು.