ಕೆರೆ ಏರಿಯ ಮೇಲೆ ಬಂದ ಫೋನು

ಕುಣಿಗಲ್ ಕೆರೆಯ ಏರಿಯ ಮೇಲೆ ಸ್ಕೂಟರು ನಿಲ್ಲಿಸಿ ಭಾನುಪ್ರಕಾಶ್ ಎಳನೀರು ತರಲು ಹೋಗಿದ್ದ. ಆಗಲೇ ಬಿಂದುಶ್ರೀಯ ಫೋನು ಬಡಿದುಕೊಂಡಿತು. ಕೊಚ್ಚಿಯಿಂದ ಮರಿಯಮ್ಮ. ಅಲ್ಲಿ ದೋಣಿ ಕಟ್ಟುವ ಜೆಟ್ಟಿಯಲ್ಲಿ ಮೀನು ಮಾರುವ ಹೆಂಗಸು. ಭಾನು, ಬಿಂದು ಗಂಡ ಹೆಂಡತಿ ಊರಿಗೆ ಬಂದಾಗಲೆಲ್ಲ ಅವರ ಹಾಯಿದೋಣಿಯ ಮೇಲೆ ಒಂದು ಕಣ್ಣಿಟ್ಟಿರುವವಳು.

“ಬಿಟ್ಟು ಹೋಗೋದಾದ್ರೆ ಒಂದು ಮಾತು ಹೇಳಬಾರದಿತ್ತೇನೇ?” ಮಲಯಾಳದಲ್ಲಿ ದಬಾಯಿಸಿದಳು. “ಇಬ್ಬರು ಗಂಡಸರು ಬಂದು ನಿನ್ನ ಪಾತ್ರೆ, ಹಾಸಿಗೆ ಎಲ್ಲ ಜೆಟ್ಟಿ ಮೇಲೆ ತಂದು ಹಾಕ್ತಿದ್ದಾರೆ. ಬೋಟು ಇನ್ನು ಅವರದಂತೆ. ನಿನ್ನ ಕರಿಬೇವಿನ ಕುಂಡ ನಮ್ಮನೆಗೆ ಒಯ್ಯಲಾ?”

“ಅವರಿಗೆ ಬೀಗದ ಕೈ ಕೊಟ್ಟೋರ್ಯಾರು?”

“ಯಾರು ಅಂದ್ರೆ? ನಿನ್ನ ಗಂಡ.”

ಮೂರು ವರ್ಷದಿಂದ ಆ ದೋಣಿಯೇ ಅವರ ಮನೆ. ಯಾರೋ ಬಳಸದೆ ಬಿಟ್ಟಿದ್ದ ಹಳೆಯದನ್ನು ಇಬ್ಬರೂ ಸೇರಿ ಕೊಂಡು, ತಳ ಕೆರೆದು, ಬಣ್ಣ ಬಳಿದಿದ್ದರು. ಹರಿದ ಹಾಯಿಯನ್ನು ಬಿಂದುಶ್ರೀಯೇ ಕೂತು ಹೊಲಿದಿದ್ದಳು. ನಿನ್ನೆಯೇ ಅಲ್ಲಿಗೆ ವಾಪಸು ಹೊರಡಬೇಕಿತ್ತು. “ಇನ್ನೊಂದಿನ ಇರೋಣ ಕಣೇ, ಅಕ್ಕನ ಸ್ಕೂಟರ್ ತಗೊಂಡು ಸುಮ್ನೆ ಸುತ್ಕೊಂಡು ಬರೋಣ” ಎಂದು ತಡೆದವನು ಭಾನು. ಬೆಳಿಗ್ಗೆ ಬಟವಾಡಿಯ ಅಕ್ಕನ ಮನೆ ಬಿಟ್ಟವರು ಗುಬ್ಬಿಯಲ್ಲಿ ತಟ್ಟೆ ಇಡ್ಲಿ ತಿಂದು, ಕಾಫಿ ಕುಡಿದು, ಆಮೇಲೂ ಅಲ್ಲೇ ಹರಟುತ್ತ ಕೂತಿದ್ದರು. ಕುಣಿಗಲ್ ಕಡೆಯ ಒಳದಾರಿಯಲ್ಲಿ ತೆಂಗಿನ ತೋಟ ಕಂಡಲ್ಲೆಲ್ಲ ಅವನು ಗಾಡಿ ನಿಲ್ಲಿಸಿ ಅವಳ ಫೋಟೋ ತೆಗೆದಿದ್ದ. ಎಷ್ಟೋ ತಿಂಗಳಾದ ಮೇಲೆ ಹಳೆಯ ಭಾನು ಸಿಕ್ಕಿದನೆಂದು ಅವಳು ಅವನ ಬೆನ್ನಿಗೆ ಕೆನ್ನೆ ಒತ್ತಿ ಕೂತು ಬಂದಿದ್ದಳು. ಆ ಕೆನ್ನೆ ಈಗ ಉರಿಯತೊಡಗಿತು.

ಭಾನು ಎರಡು ಕೈಯಲ್ಲಿ ಎರಡು ಎಳನೀರು ಹಿಡಿದು ನಗುತ್ತ ಬಂದ.

“ಬೋಟು ಮಾರಿದ್ಯಾ?”

ಅವನ ನಗು ಅಲ್ಲೇ ಇಂಗಿತು. “ಮೊದ್ಲು ಇದು ಕುಡಿ. ಹೇಳ್ತೀನಿ.”

ಅವಳು ಕೈ ಬೀಸಿದ ರಭಸಕ್ಕೆ ಅವನು ಚಾಚಿದ ಎಳನೀರು ಏರಿಯ ಕಲ್ಲುಗಳ ಮೇಲೆ ಉರುಳಿ ಕೆರೆಗೆ ಬಿತ್ತು. “ಮಾರಿದ್ಯಾ ಇಲ್ವಾ?”

“ಹೂಂ.”

“ಅಲ್ಲಿ ನನ್ ಮನೆ ಖಾಲಿ ಮಾಡ್ಸೋಕೆ ಇಲ್ಲಿ ನನ್ನನ್ನ ಊರೂರು ಸುತ್ತಿಸ್ತಿದ್ದೀಯಾ?”

“ಹೇಳಿದ್ರೆ ನೀನು ಬಿಡ್ತಿರ್ಲಿಲ್ಲ ಬಿಂದು.”

“ಬಿಡಲ್ಲ ಅಂತ ಗೊತ್ತಿದ್ದೇ ತಾನೇ ಕಳ್ಳನ ಥರ ಮಾಡಿದ್ದು?”

ಎಳನೀರಿನ ರಂಗಣ್ಣ ಮಚ್ಚು ಕೆಳಗಿಟ್ಟು ಇತ್ತ ಕಡೆ ಕತ್ತು ಚಾಚಿದ. “ಯಾಕವ್ವಾ, ಚೆನ್ನಾಗಿರ್ಲಿಲ್ವಾ? ಬೇರೆ ಕೆತ್ಕೊಡ್ಲಾ?”

ಫೋನು ಇನ್ನೂ ಕಟ್ ಆಗಿರಲಿಲ್ಲ. ಆ ಗಂಡಸರಿಗೆ ಕೊಡುವಂತೆ ಬಿಂದುಶ್ರೀ ಮರಿಯಮ್ಮನಿಗೆ ಹೇಳಿದಳು. ದೋಣಿ ಇಬ್ಬರ ಹೆಸರಲ್ಲಿದೆ, ತಾನು ಒಪ್ಪಿಲ್ಲ, ಹೊರಗಿಟ್ಟ ಒಂದೊಂದು ಸಾಮಾನೂ ಇದ್ದಲ್ಲಿಗೇ ಹೋಗಬೇಕು, ಇಲ್ಲವಾದರೆ ಮುಂದಿನ ಮಾತು ಪೊಲೀಸ್ ಸ್ಟೇಷನ್ನಿನಲ್ಲಿ ಎಂದಳು. ಮೇಡಂ ಒಪ್ಪಿದ್ದಾರೆ ಅಂತ ಸರ್ ಹೇಳಿದ್ದರಲ್ಲ ಎಂದು ಆ ಕಡೆಯವನು ತೊದಲಿದ.

“ಸರ್ ಹೇಳಿದ್ದು ಸುಳ್ಳು” ಎಂದಳು, ಗಂಡನ ಮುಖದಿಂದ ಕಣ್ಣು ತೆಗೆಯದೆ.

ಸ್ವಲ್ಪ ಹೊತ್ತು ಗದ್ದಲವೋ ಗದ್ದಲ. ಆಮೇಲೆ ಮರಿಯಮ್ಮನ ದನಿ: ಬೈಕೊಂಡು ಬೈಕೊಂಡೇ ಹಾಸಿಗೆ ಒಳಗೆ ಹೊರುತ್ತಿದ್ದಾರಂತೆ. ಅವರು ತೊಲಗುವ ತನಕ ತಾನು ಜೆಟ್ಟಿ ಬಿಟ್ಟು ಕದಲುವುದಿಲ್ಲವಂತೆ.

“ನಾನು ಮಾತು ಕೊಟ್ಟಿದ್ದೆ!” ಭಾನು ಕೂಗಿದ. “ಅವ್ರಿಗೆ ಇನ್ನು ಹೆಂಗ್ ಮುಖ ತೋರಿಸ್ಲಿ?”

“ನಂಗೆ ತೋರಿಸ್ತಾ ಇದೀಯಲ್ಲ, ಹಂಗೆ.”

ಅವನು ಕಲ್ಲಿನ ಮೇಲೆ ಕುಸಿದು ಕೂತ, ಕೆರೆಗೆ ಬೆನ್ನು ಹಾಕಿ. ಬಂದಾಗಿನಿಂದಲೂ ಅವನು ನೀರಿನ ಕಡೆ ತಿರುಗಿರಲಿಲ್ಲ ಎಂಬುದು ಬಿಂದುಶ್ರೀಗೆ ಹೊಳೆದದ್ದು ಆಗಲೇ.

“ಹೋದ ಮಳೆಗಾಲದಲ್ಲಿ ಗಾಳಿಗೆ ಲಂಗರು ಕಿತ್ಕೊಂಡು ಬಂತಲ್ಲ” ಎಂದ, ನೆಲ ನೋಡುತ್ತ. “ಅವತ್ತು ನಂಗೆ ಜ್ವರ ಗಿರ ಏನೂ ಇರ್ಲಿಲ್ಲ. ಒಳಗೆ ಬಾಗಿಲು ಹಾಕ್ಕೊಂಡು ಕೂತಿದ್ದೆ. ಅವತ್ತಿಂದ ನೀರು ಕಂಡ್ರೆ ಕೈಕಾಲು ನಡುಗುತ್ತೆ ಬಿಂದು.”

ಅವಳಿಗೆ ಆ ದಿನ ಚೆನ್ನಾಗಿ ನೆನಪಿತ್ತು. ದೋಣಿ ಕಲ್ಲಿನ ಗೋಡೆಗೆ ಅಪ್ಪಳಿಸದ ಹಾಗೆ ಹಗ್ಗ ಹಿಡಿದು ಜಗ್ಗಿ ಜಗ್ಗಿ ಎರಡೂ ಅಂಗೈ ಸುಲಿದಿದ್ದವು. ಆ ಕೈಯಲ್ಲೇ ಇವನಿಗೆ ಗಂಜಿ ಕಾಯಿಸಿ ಕುಡಿಸಿದ್ದಳು, ಹಣೆಗೆ ಒದ್ದೆ ಬಟ್ಟೆ ಹಾಕಿದ್ದಳು. ಅವನೂ ಕಣ್ಣು ಮುಚ್ಚಿ ಹಾಕಿಸಿಕೊಂಡಿದ್ದ. ಸಿಟ್ಟು ಇಳಿಯಲಿಲ್ಲ; ಇನ್ನೂ ಒಂದು ಮಟ್ಟ ಏರಿತು.

ಚೀಲವನ್ನು ಹೆಗಲಿಗೇರಿಸಿ ಅವಳು ಬಸ್‌ಸ್ಟ್ಯಾಂಡಿನ ಕಡೆಗೆ ಹೆಜ್ಜೆ ಹಾಕಿದಳು. ಬೆಂಗಳೂರಿನ ಬಸ್ಸು ಸಿಕ್ಕರೆ ಅಲ್ಲಿಂದ ಮುಂದಕ್ಕೆ ಏನಾದರೂ ಸಿಗುತ್ತದೆ. ಭಾನು ಸ್ಕೂಟರನ್ನು ತಳ್ಳಿಕೊಂಡೇ ಹಿಂದೆ ಓಡಿ ಬಂದ.

“ಎಲ್ಲಿಗ್ ಹೊರಟೆ?”

“ಮನೆಗೆ.”

“ಹಂಗಾದ್ರೆ ನಾನು?”

ಬಿಂದುಶ್ರೀ ನಿಂತಳು. ತಿರುಗಿದಾಗ ಅವಳ ದನಿಯಲ್ಲಿ ಕೂಗಾಟ ಇರಲಿಲ್ಲ.

“ಹೆದರಿಕೆ ಆಗುತ್ತೆ ಅಂತ ಒಂದೇ ಒಂದು ಮಾತು ಅಂದಿದ್ರೆ, ನಾನೇ ಹೋಗಿ ಬೋಟು ಮಾರಿ ಬರ್ತಿದ್ದೆ ಕಣೋ. ಇನ್ನು ಮಾರಲ್ಲ.”