ಮುಟ್ಟಿದ ಪುಟದ ಗುರುತು

ಪೆಟ್ಟಿಗೆ ಮತ್ತೆ ಅರ್ಧಕ್ಕೇ ನಿಂತಿತು. ಉದಯಕುಮಾರ ಗುಂಡಿ ಒತ್ತಿದ ಮೇಲೆ ಪರದೆಯಲ್ಲಿ ಒಂದೆರಡು ಸಾಲು ಮೂಡಿದವು, ಆಮೇಲೆ ಉಸಿರಿಲ್ಲ. ಎದುರಿಗೆ ಕೂತಿದ್ದ ಇಶ್ರತ್ ತಲೆ ಹಿಡಿದುಕೊಂಡಳು. ಉದಯನಿಗೆ ಖುಷಿಯಾಯಿತು. ಖುಷಿಯಾಯಿತಲ್ಲ ಎಂದು ನಾಚಿಕೆಯೂ ಆಯಿತು.

ಅತ್ತಿವೇರಿ ಪಕ್ಷಿಧಾಮದ ಹಕ್ಕಿಗಳ ಕೂಗು ಕೇಳಿ ಹೆಸರು ಹೇಳುವ ಪೆಟ್ಟಿಗೆ ಅದು. ಒಳಗಿನ ಆಪರೇಟಿಂಗ್ ಸಿಸ್ಟಂ ಉದಯನೇ ಬರೆದದ್ದು. ಹಳೆಯ ಪ್ರೊಸೆಸರ್ ಈಗ ಸಿಗುವುದಿಲ್ಲವೆಂದು, ದಾಂಡೇಲಿಯ ಈ ಪುಟ್ಟ ವರ್ಕ್‌ಶಾಪಿನಲ್ಲಿ ಇಬ್ಬರೂ ಸೇರಿ ಅದನ್ನು ಬೇರೆ ಜಾತಿಯ ಪ್ರೊಸೆಸರ್‌ಗೆ ಒಗ್ಗಿಸುತ್ತಿದ್ದರು. ಎಲ್ಲ ಒಗ್ಗಿತ್ತು. ಮೆಮೊರಿಯನ್ನು ಪುಟಪುಟವಾಗಿ ಹಂಚುವ ಭಾಗ ಮಾತ್ರ ಹಟ ಹಿಡಿದು ಕೂತಿತ್ತು.

ಇಶ್ರತ್‌ಗೆ ಹಳಿಯಾಳದ ಕಾಲೇಜಿನಲ್ಲಿ ಖಾಯಂ ನೌಕರಿ ಸಿಕ್ಕಿತ್ತು. "ಇದೊಂದು ಓಡಿದ ಮ್ಯಾಲ ಹೋಗ್ತೇನ್ರಿ," ಎಂದಿದ್ದಳು. ಓಡಿದರೆ ಅವಳಿಲ್ಲ, ಓಡದಿದ್ದರೆ ಪಕ್ಷಿಧಾಮದ ಆರ್ಡರ್ ಇಲ್ಲ. ಅತ್ತ ದರಿ, ಇತ್ತ ಪುಲಿ. ಯಾವ ದೇವರಿಗೆ ಏನೆಂದು ಬೇಡಿಕೊಳ್ಳಬೇಕು ಎಂಬುದೇ ಉದಯನಿಗೆ ತಿಳಿಯದಾಗಿತ್ತು.

"ಪುಟ ಐತಿ, ಓದಾಕ ಪರವಾನಗಿನೂ ಐತಿ. ಮುಟ್ಟಾಕ ಹೋದ್ರ ತಪ್ಪು ಅಂತೈತಿ. ಯಾಕ್ರಿ ಸರ್?"

"ಬೋರ್ಡ ಕೆಟ್ಟಿರಬೇಕ್ರಿ."

"ಹೊಸಾ ಬೋರ್ಡ ಹಾಕಿದ್ರೂ ಹಂಗ ಆತಲ್ರಿ?"

ಉದಯ ಪ್ರೊಸೆಸರಿನ ಕೈಪಿಡಿ ತಿರುವತೊಡಗಿದ. ತಿರುವುತ್ತ ತಿರುವುತ್ತ ಒಂದು ಕಡೆ ಕಣ್ಣು ನಿಂತಿತು. ಬಳಸಿದ ಪುಟಕ್ಕೆ 'ಮುಟ್ಟಿದ್ದೇನೆ' ಎಂಬ ಗುರುತು ಬೀಳಬೇಕು. ಹಳೆಯ ಪ್ರೊಸೆಸರ್, ಸೋಮವಾರ ಕಂಡಕಂಡದ್ದಕ್ಕೆಲ್ಲ ವಿಭೂತಿ ಹಚ್ಚುವ ಅವನ ಅವ್ವನ ಹಾಗೆ, ಹೇಳದೆ ಕೇಳದೆ ತಾನೇ ಹಾಕಿಬಿಡುತ್ತಿತ್ತು. ಹೊಸದು ಹಾಗಲ್ಲ. ಗುರುತನ್ನು ಸಿಸ್ಟಂ ತಾನೇ ಹಾಕಿ ಕಳಿಸಬೇಕು, ಇಲ್ಲದಿದ್ದರೆ ಬಾಗಿಲಲ್ಲೇ ತಡೆಯುತ್ತದೆ. ಉದಯನ ಕೋಡಿನಲ್ಲಿ ಆ ಕೆಲಸವೇ ಇರಲಿಲ್ಲ. ಬರೆದರೆ ಒಂದೇ ಒಂದು ಸಾಲು.

ಅವನು ಮೆಲ್ಲಗೆ ಕೈಪಿಡಿ ಮುಚ್ಚಿದ. ಚಹಾ ಬಂತು, ಕುಡಿದ. ರುಚಿ ಗೊತ್ತಾಗಲಿಲ್ಲ. ಇಶ್ರತ್ ಮತ್ತೆ ಮತ್ತೆ ಗುಂಡಿ ಒತ್ತುತ್ತಿದ್ದಳು. ನಂಬಿ ಕೂತವಳನ್ನು ಹೀಗೆ ಕಟ್ಟಿಹಾಕುವುದು ಪಾಪವೆನ್ನಿಸಿತು ಅವನಿಗೆ.

"ಸರೀರಿ ಸ್ವಲ್ಪ," ಎಂದು ಕೀಬೋರ್ಡ್ ಎಳೆದುಕೊಂಡು ಆ ಸಾಲು ಬರೆದ. ಪೆಟ್ಟಿಗೆ ಎದ್ದಿತು. ಹೊರಗೆ ತಂತಿಯ ಮೇಲೆ ಯಾವುದೋ ಹಕ್ಕಿ ಕೂಗಿತು, ಪರದೆ 'ಮೈನಾ' ಎಂದಿತು.

ಇಶ್ರತ್ ಪರದೆ ನೋಡಲಿಲ್ಲ, ಅವನನ್ನು ನೋಡಿದಳು. "ಯಾವಾಗ ಸಿಕ್ಕಿತ್ರಿ?"

"ಚಾ ಬರೂಕಿಂತ ಮೊದಲ. ಹೇಳ್ಲೋ ಬ್ಯಾಡೋ ಅಂತ ಸುಮ್ಮನ ಕುಂತಿದ್ದೆ. ತಪ್ಪಾತ್ರಿ."

ಅವಳು ತನ್ನ ಲ್ಯಾಪ್‌ಟಾಪನ್ನು ಅವನ ಕಡೆ ತಿರುಗಿಸಿದಳು. ಅದೇ ಸಾಲು ಅಲ್ಲಿತ್ತು.

"ನನಗ ನಿನ್ನೆನ ಸಿಕ್ಕಿತ್ರಿ."

"ನಿನ್ನೆನ?" ಉದಯನಿಗೆ ಏನೂ ಅರ್ಥವಾಗಲಿಲ್ಲ. "ಮತ್ತ ಇವತ್ತ ಮುಂಜಾನಿಂದ ಯಾಕ ಹಿಂಗ ಕುಂತೀರಿ?"

"ಅದ ನನಗೂ ತಿಳೀವಲ್ತ್ರಿ, ಸರ್."